ಒಂಬತ್ತನೇ ಗೇಟಿನ ಕಲ್ಲು

ಫ್ಯಾನಿನ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು, ಅಂದರೆ ಕರೆಂಟು ಹೋಯಿತು, ತಿರುಗುವಾಗ ಒಂದೇ ಬೂದು ತಟ್ಟೆ, ನಿಲ್ಲುವಾಗ ಒಂದೊಂದೂ ತನ್ನ ಪಾಡಿಗೆ ತಾನು, ಒಂದರ ಅಂಚಿಗೆ ಹತ್ತಿಯ ಎಳೆ ಅಂಟಿಕೊಂಡು ಜೋತಾಡುತ್ತಿದೆ, ಕೆಳಗೆ ಹತ್ತಿ ವ್ಯಾಪಾರಿಯ ಅಂಗಡಿ ಇದ್ದರೆ ಮೇಲಿನ ಆಫೀಸಿಗೆ ಇದು ತಪ್ಪಿದ್ದಲ್ಲ, ಚಹಾದಲ್ಲೂ ಹತ್ತಿ, ಕೀಬೋರ್ಡಿನ ಸಂದಿನಲ್ಲೂ ಹತ್ತಿ — ಪಂಚಶೀಲಾ ಕುತ್ತಿಗೆ ಹಿಂದಕ್ಕೆ ಚೆಲ್ಲಿ ಅದನ್ನೇ ನೋಡುತ್ತ ಕೂತಳು, ಕೆಳಗೆ ಯಾರೋ ಹೋತಲೇ ಲೈಟು ಅಂದ, ಇನ್ನೊಬ್ಬ ಎಲ್ಲಿ ಹೋಗ್ತೈತಿ ಬಿಡೋ, ಬರ್ತೈತಿ ಅಂದ, ಶಹಾಪುರಕ್ಕೆ ಶಹಾಪುರವೇ ಒಂದು ಉಸಿರು ಬಿಟ್ಟು ಸುಮ್ಮನಾಯಿತು, ಕಿಟಕಿಯಾಚೆ ಗುಡ್ಡಗಳೇ ಸೇರಿ ಆದ ಬುದ್ಧ ಮಲಗಿದ ಹಾಗೇ ಮಲಗಿದ್ದಾನೆ, ಹೊಟ್ಟೆಯ ಮೇಲೆ ಮಧ್ಯಾಹ್ನದ ಬಿಸಿಲು, ಅವನಿಗೇನು ಫ್ಯಾನು ಬೇಕೆ. ಊಟದ ಡಬ್ಬಿ ಇನ್ನೂ ಬಿಚ್ಚಿಲ್ಲ, ಜೋಳದ ರೊಟ್ಟಿ, ಪುಂಡಿಪಲ್ಯ, ಬೆಳಿಗ್ಗೆ ದೋರನಹಳ್ಳಿಯ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿದ್ದಾಗ ಅವ್ವ ಓಡಿಬಂದು ಕೈಗೆ ತುರುಕಿದ್ದು, ಉಣ್ಣಲಾರದ ವಾಪಸ್ ತರಬ್ಯಾಡ, ನಿನ್ನ ಕಂಪ್ಯೂಟರಿಗೇನು ಹಸಿವಾಗ್ತೈತೇನು ಅಂತ ಬೈದದ್ದು, ಅವ್ವ ಬೈಯದೆ ಡಬ್ಬಿ ಕೊಟ್ಟ ದಿನವೇ ಇಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪರದೆ ಆರಿಲ್ಲ, ವಕೀಲನ ಉತ್ತರ ಅಲ್ಲೇ ನಿಂತಿದೆ — ಒಂಬತ್ತನೇ ಗೇಟು, ದೋರನಹಳ್ಳಿ, ಸಾಫ್ಟ್‌ವೇರಿನ ಹೊಸ ವರ್ಷನ್ನಿಗೆ ಅರ್ಹವಲ್ಲ.

ತರ್ಕ ಮಾಡುವ ಈ ಯಂತ್ರಕ್ಕೆ ವಕೀಲ ಅಂತ ಹೆಸರಿಟ್ಟದ್ದು ಬಸವಂತ್ರಾಯ ಸರ್, ಆಫೀಸಿಗೆಲ್ಲ ದೊಡ್ಡವರು, ಇದು ಮಾತಿಗೊಂದು ಯಾಕಂದರ ಯಾಕಂದರ ಅಂತೈತಲ್ಲವಾ, ಪೂರಾ ನಮ್ಮ ಸುರಪುರ ಕೋರ್ಟಿನ ವಕೀಲ ಆತು ಬಿಡು ಅಂದಿದ್ದರು, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆದರೆ ಒಳಗೊಳಗೆ ಎಷ್ಟು ಹಿಗ್ಗಿದ್ದಳು, ಯಾಕಂದರೆ ಅದಕ್ಕೆ ಯಾಕಂದರೆ ಅನ್ನುವುದನ್ನು ಕಲಿಸಿದವಳೇ ಅವಳು. ಹುಣಸಗಿಯಿಂದ ಶಹಾಪುರದವರೆಗೆ ಕಾಲುವೆಯ ಮೇಲೆ ಇರುವಷ್ಟು ಗೇಟುಗಳಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದೊಂದು ಸಾಫ್ಟ್‌ವೇರು, ಯಾವ ಗೇಟಿಗೆ ಯಾವ ಮೋಟಾರು, ಯಾವ ಸೆನ್ಸರು, ಅದಕ್ಕೆ ಯಾವ ವರ್ಷನ್ನು ಹೊಂದುತ್ತದೆ, ಯಾವುದರ ಜೊತೆ ಯಾವುದು ಜಗಳವಾಡುತ್ತದೆ — ಈ ಹೊಂದಾಣಿಕೆ ಕಾಯುವುದು ಅವಳ ಕೆಲಸ, ಅವ್ವನಿಗೆ ಎಷ್ಟು ಸಲ ಹೇಳಿದರೂ ತಿಳಿಯಲಿಲ್ಲ, ಕಡೆಗೆ ಬೀಗರ ಸಂಬಂಧ ನೋಡ್ದಂಗ ಅನ್ನು ಅಂದಳು ಅವ್ವ, ಹೌದವ್ವ ಹಂಗ ಅಂದಳು ಇವಳು, ಅಲ್ಲಿಗೆ ಮುಗಿಯಿತು. ಮೊದಲೆಲ್ಲ ಇದು ಬಾಯಿಮಾತಿನಲ್ಲೇ ನಡೆಯುತ್ತಿತ್ತು, ಕಾಲುವೆಗುಂಟ ಬೈಕಿನಲ್ಲಿ ಅಲೆಯುವ ಮುಷರಫ ಫೋನ್ ಮಾಡಿ ಅಕ್ಕಾ ಇದಕ್ಕ ಹಳೇದನ್ನ ಹಾಕ್ಲಾ ಹೊಸಾದು ಹಾಕ್ಲಾ ಅನ್ನುವನು, ಇವಳು ನೆನಪಿನಿಂದ ಹೇಳುವಳು, ಅವಳು ರಜೆಯಿದ್ದರೆ ಇನ್ಯಾರೋ ಹೇಳುವರು, ಆಮೇಲೆ ಹುಣಸಗಿಯ ಕಡೆ ಹಾಗಾಯಿತಲ್ಲ — ಹಳೇ ವರ್ಷನ್ನಿನದೇ ರೋಗ ಅದು, ಕರೆಂಟು ಹೋಗಿ ಬಂದಾಗ ಎಲ್ಲೋ ಒಮ್ಮೆ ತಾನೆಲ್ಲಿದ್ದೆ ಅನ್ನುವುದೇ ಅದಕ್ಕೆ ಮರೆತುಹೋಗುತ್ತದೆ, ತಿಳಿದುಕೊಳ್ಳಲಿಕ್ಕೆ ಅಂತ ಗೇಟನ್ನು ಒಮ್ಮೆಗೇ ಮೇಲಿನ ತುದಿವರೆಗೂ ಎತ್ತಿಬಿಡುತ್ತದೆ, ಸದ್ದಿಲ್ಲ ಗದ್ದಲವಿಲ್ಲ, ಕೆಳಗೆ ನಿಂತವರ ಮೇಲೆ ನೀರು, ಅವತ್ತು ಒಂದು ಎಮ್ಮೆ ಹೋಯಿತು, ಎಮ್ಮೆಯ ಹಿಂದೆ ನೀರಿಗಿಳಿದಿದ್ದ ಬೀರಣ್ಣ ಅನ್ನುವವನು ಜಾಲಿಗಿಡ ಹಿಡಿದು ಉಳಿದ. ಆ ಗೇಟಿಗೆ ಆ ವರ್ಷನ್ ಹಾಕು ಅಂದವರು ಯಾರು ಅಂದರೆ ಫೋನಿನಲ್ಲಿ ಯಾರೋ ಅಂದರು, ಅಷ್ಟೆ. ಅವತ್ತೇ ಅವಳು ಹಟ ಹಿಡಿದಳು, ಇನ್ನು ಮೇಲೆ ಬಾಯಿಮಾತು ಬೇಡ, ಎಲ್ಲವನ್ನೂ ಸಂಗತಿ ಮತ್ತು ನಿಯಮ ಅಂತ ಯಂತ್ರಕ್ಕೆ ಕೊಡೋಣ, ತರ್ಕ ಮಾಡಿ ಅದೇ ಹೇಳಲಿ, ಯಾಕೆ ಅಂತಲೂ ಹೇಳಲಿ, ಮತ್ತೆ ಅದನ್ನು ದಾಟಿ ಹೋಗುವ ಬಾಗಿಲು ಯಾರಿಗೂ ಇರಬಾರದು, ನನಗೂ. ನಿನಗೂ ಬ್ಯಾಡಾ ಅಂದರು ಬಸವಂತ್ರಾಯ ಸರ್, ನನಗೂ ಬ್ಯಾಡ್ರಿ ಅಂದಳು, ಎಷ್ಟು ಜೋರಿನಿಂದ ಅಂದಿದ್ದಳು.

ಬೆಳಿಗ್ಗೆಯಿಂದ ಹೊಸ ವರ್ಷನ್ ಒಂದೊಂದೇ ಗೇಟಿಗೆ ಹೋಗುತ್ತಿದೆ, ಹೊಸದಕ್ಕೆ ಮರೆವಿನ ರೋಗವಿಲ್ಲ, ಕರೆಂಟು ಬಂದರೆ ಮೊದಲು ಸೈರನ್ ಊದುತ್ತದೆ, ಜನ ಏಳುವಷ್ಟು ಹೊತ್ತು ಕಾಯುತ್ತದೆ, ಆಮೇಲೆ ತುಸುವೇ ಎತ್ತಿ ನೋಡಿ ತನ್ನ ಜಾಗಕ್ಕೆ ಇಳಿಯುತ್ತದೆ, ಬಾಣಂತಿಯ ಹಾಗೆ ಜೋಪಾನ. ಎಲ್ಲ ಗೇಟುಗಳಿಗೂ ವಕೀಲ ಹೂಂ ಅಂದಿದೆ, ಒಂಬತ್ತನೆಯದಕ್ಕೆ ಮಾತ್ರ ಇಲ್ಲ. ಯಾಕೆ? ನೀರಿನ ಮಟ್ಟ ಅಳೆಯುವ ಸೆನ್ಸರು ಕೆಟ್ಟಿದೆ. ಯಾಕೆ? ಗೇಟು ಪೂರ್ತಿ ಮುಚ್ಚಿದೆ, ಪೂರ್ತಿ ಮುಚ್ಚಿದ ಗೇಟಿನಿಂದ ನೀರು ಹೋಗುವುದಿಲ್ಲ, ಆದರೂ ಸೆನ್ಸರು ಕೆಳಗೆ ನೀರಿದೆ ಅನ್ನುತ್ತಿದೆ, ಆದ್ದರಿಂದ ಅದು ಸುಳ್ಳು ಹೇಳುತ್ತಿದೆ. ಬೆಳಿಗ್ಗೆ ಓದಿದಾಗ ಅವಳೂ ಆಯ್ತಪ್ಪ, ಬರುವ ವಾರ ಸೆನ್ಸರ್ ಬದಲಿಸಿದರಾಯಿತು ಅಂದುಕೊಂಡಿದ್ದಳು, ತನ್ನೂರಿನ ಗೇಟು, ನಡೆದುಹೋದರೆ ಮನೆಯಿಂದ ಒಂದು ಹೆಜ್ಜೆ, ಆದರೂ ಹೊಳೆಯಲಿಲ್ಲ, ನೋಡು, ಪರದೆಯ ಮೇಲೆ ಬಂದರೆ ತನ್ನ ಕೇರಿಯೂ ಬೇರೆಯವರದೇ ಆಗಿಬಿಡುತ್ತದೆ — ಈಗ ಫ್ಯಾನು ನಿಂತ ಮೇಲೆ, ಸೆಕೆಯಲ್ಲಿ, ಹತ್ತಿಯ ಎಳೆಯನ್ನು ನೋಡುತ್ತ ಕೂತಾಗ, ಇದ್ದಕ್ಕಿದ್ದಂತೆ ಕಲ್ಲು ಕಂಡಿತು.

ಕಲ್ಲು. ಕರಿ ಕಲ್ಲು, ನುಣ್ಣನೆ ಬೆನ್ನು, ಮೇಲೆ ಗೇಟಿನ ಕಬ್ಬಿಣದ ಅಂಚು ಕೂತು ಕೂತು ಒಂದು ಗೆರೆ ಬಿದ್ದಿದೆ, ಎರಡೂ ಮಗ್ಗುಲಿಂದ ನೀರು ಸೀಳಿ ಹರಿಯುತ್ತದೆ. ಅಪ್ಪ ಇಟ್ಟದ್ದು. ಮರಿಲಿಂಗಪ್ಪ ಅಂದರೆ ಕೇರಿಯಲ್ಲಿ ಎಲ್ಲರಿಗಿಂತ ಎತ್ತರದ ಆಳು, ಮಾತು ಕಡಿಮೆ, ಆ ವರ್ಷ ಕೇರಿಯ ಬೋರು ಬತ್ತಿತ್ತು, ಊರ ನಲ್ಲಿಗೆ ಹೋದರೆ ಕೊಡ ಮುಂದಿಟ್ಟವರು ಯಾರು ಹಿಂದಿಟ್ಟವರು ಯಾರು ಅಂತ ದಿನಾ ಒಂದು ಮಾತು, ಅದು ನಲ್ಲಿಯ ಮಾತಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಅವ್ವ ಒಂದು ದಿನ ಖಾಲಿ ಕೊಡ ತಂದು ಅಂಗಳದಲ್ಲಿ ಕುಕ್ಕಿದಳು, ಅಪ್ಪ ಎದ್ದು ಹೋಗಿ ಕಾಲುವೆಗಿಳಿದು, ಗೇಟು ಇಳಿಸುವ ಮುಂಚೆ ಆ ಕಲ್ಲನ್ನು ಉರುಳಿಸಿ ಕೆಳಗಿಟ್ಟ. ಇವಳು ದಂಡೆಯ ಮೇಲೆ ಲಂಗ ಎತ್ತಿ ಹಿಡಿದು ನಿಂತಿದ್ದಳು. ಗೇಟು ಇಳಿದು ಕಲ್ಲಿನ ಮೇಲೆ ಕೂತಿತು, ಅಪ್ಪ ಸಂದಿನಲ್ಲಿ ಕೈ ಇಟ್ಟು ನೋಡಿದ, ನಾಲ್ಕು ಬೆರಳು, ಹೆಬ್ಬೆರಳು ಬಿಟ್ಟು, ಸಾಕು ಅಂದ. ಗೇಟು ಕಾಯುವ ಅಂಬ್ರಪ್ಪ ಸೈಕಲ್ ನಿಲ್ಲಿಸಿ ನೋಡಿದ, ಬೀಡಿ ಹಚ್ಚಿದ, ಮರಿಲಿಂಗಾ, ನಾ ಏನೂ ನೋಡಿಲ್ಲಪ, ಗೇಟು ಬಂದ್ ಐತಿ ಅಂತ ಸಾಹೇಬ್ರಿಗೆ ಹೇಳ್ತೀನಿ, ಬಂದ್ ಆದಂಗೇ ಐತಿ ಹೌದಿಲ್ಲೊ ಅಂದ, ಹೌದು ಅಂದ ಅಪ್ಪ. ಅಂದಿನಿಂದ ಅದು ಹಾಗೇ ನಡೆದುಬಂತು, ಗೇಟು ಬಂದ್ ಅಂದರೆ ನಾಲ್ಕು ಬೆರಳು ತೆರೆದಿದೆ ಅಂತ ದೋರನಹಳ್ಳಿಯಲ್ಲಿ ಕೂಸಿಗೂ ಗೊತ್ತು, ಕೇರಿಯ ಹೆಣ್ಣುಮಕ್ಕಳು, ಮಗ್ಗುಲ ಓಣಿಯ ಮುನ್ನಿಬೀ, ಮಸರತ, ಎಲ್ಲರೂ ಅಲ್ಲೇ ಬಟ್ಟೆ, ಅಲ್ಲೇ ಪಾತ್ರೆ, ಅಲ್ಲೇ ಸುದ್ದಿ. ಅಂಬ್ರಪ್ಪ ಕೆಲಸ ಬಿಟ್ಟ, ಅಪ್ಪ ತೀರಿಕೊಂಡ, ಗೇಟಿಗೆ ಮೋಟಾರು ಬಂತು, ಪೆಟ್ಟಿಗೆ ಬಂತು, ಕಲ್ಲು ಅಲ್ಲೇ ಉಳಿಯಿತು. ಗೇಟು ಇಳಿಯುತ್ತದೆ, ಕಲ್ಲಿಗೆ ತಾಗಿ ನಿಲ್ಲುತ್ತದೆ, ನಿಂತ ಕೂಡಲೇ ಪೆಟ್ಟಿಗೆ ನಾನು ಮುಚ್ಚಿದೆ ಅಂತ ಸುದ್ದಿ ಕಳಿಸುತ್ತದೆ, ಅಂಬ್ರಪ್ಪನ ಹಾಗೇ. ಸೆನ್ಸರು ಒಂದೇ ಪಾಪ ಖರೇ ಹೇಳಿದ್ದು, ಅದನ್ನೇ ಸುಳ್ಳಬುರುಕ ಮಾಡಿ ಕೂರಿಸಿದೆ ನಮ್ಮ ವಕೀಲ.

ವಕೀಲನ ತಪ್ಪೂ ಅಲ್ಲ, ಹೇಳದೆ ಬಿಟ್ಟದ್ದು ಇಲ್ಲವೇ ಇಲ್ಲ — ಇದು ಅವಳೇ ಹಾಕಿದ ಬುನಾದಿ ನಿಯಮ, ತರ್ಕದ ಯಂತ್ರಗಳಿಗೆಲ್ಲ ಇದೇ ನಿಯಮ ಬೇಕು, ಇಲ್ಲದಿದ್ದರೆ ಗೇಟಿನ ಕೆಳಗೆ ಆನೆ ಇರಬಹುದೆ, ಮೊಸಳೆ ಇರಬಹುದೆ ಅಂತ ಯೋಚಿಸುತ್ತ ಯುಗಾದಿ ಮುಗಿದು ದೀಪಾವಳಿ ಬಂದರೂ ಉತ್ತರ ಹೇಳುವುದಿಲ್ಲ, ಯಾವುದನ್ನು ಬರೆದಿಲ್ಲವೋ ಅದು ಇಲ್ಲ ಅಂತ ಹಿಡಿ, ಮುಂದೆ ನಡೆ. ಕಲ್ಲು ಬರೆದಿಲ್ಲ, ಆದ್ದರಿಂದ ಕಲ್ಲಿಲ್ಲ. ಅವ್ವನನ್ನು ಬರೆದಿಲ್ಲ, ಮುನ್ನಿಬೀಯನ್ನು ಬರೆದಿಲ್ಲ, ಬಟ್ಟೆಗಂಟು, ಕಾಲಗೆಜ್ಜೆ, ನಗು, ಯಾವುದೂ ಇಲ್ಲ, ಗೇಟಿನ ಕೆಳಗೆ ಯಾರೂ ಇಲ್ಲ — ಅಯ್ಯೋ, ಈ ಹೊತ್ತಿಗೆ ಅಲ್ಲಿ ಯಾರು ತಾನೇ ಇಲ್ಲ, ಈ ಹೊತ್ತಿಗೇ ಎಲ್ಲರೂ ಇರುವುದು, ಊಟ ಮುಗಿಸಿ ಅವ್ವ ಹೋಗುವ ಹೊತ್ತೇ ಇದು, ಮತ್ತೆ ಆ ಗೇಟಿಗಿರುವುದು ಹಳೇ ವರ್ಷನ್ನು, ಇಲ್ಲಿಯ ಲೈನೇ ಅಲ್ಲಿಗೂ, ಕರೆಂಟು ಹೋಗಿದೆ, ಕರೆಂಟು ಬರುತ್ತದೆ, ಎಲ್ಲೋ ಒಮ್ಮೆ ಅಂದರೆ ಇವತ್ತೂ ಆಗಬಹುದು. ಗಡಿಬಿಡಿ ಬೇಡ, ಗಡಿಬಿಡಿಯಲ್ಲಿ ಬೆರಳು ಎಲ್ಲೆಲ್ಲೋ ಹೋಗುತ್ತವೆ. ಅವ್ವನಿಗೆ ಫೋನ್ — ರಿಂಗಾಗುತ್ತಿದೆ, ಎತ್ತುವುದಿಲ್ಲ, ನೀರಾಗ ಬಿದ್ದೀತು ಅಂತ ಕಾಲುವೆಗೆ ಹೋಗುವಾಗ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಹೋಗುವ ಮಹಾತಾಯಿ, ಜೋಳದ ಹಿಟ್ಟಿನೊಳಗೆ ಬಡಕೊಳ್ಳುತ್ತಿರಬೇಕು ಅದು. ತಮ್ಮನ ಹೆಂಡತಿ ಸಪ್ನಾ ಹತ್ತಿ ಬಿಡಿಸಲು ಹೋಗಿದ್ದಾಳೆ, ಅವಳ ಫೋನು ಬಂದ್. ಮುಷರಫ ಎತ್ತಿದ, ಅಕ್ಕಾ ನಾ ಹುಣಸಗಿ ದಾಟೀನಿ, ಹೊಳ್ಳಿ ಬರ್ಲಿಕ್ಕೆ ತಾಸು ಮ್ಯಾಲಾಗ್ತೈತಿ, ಯಾಕ, ಏನಾತು ಅಂದ, ಏನಿಲ್ಲ, ದೋರನಹಳ್ಳಿ ಗೇಟಿಗೆ ಹೋಗು, ಜಲ್ದಿ ಅಂದಳು, ಅವನು ಇನ್ನೊಂದು ಮಾತು ಕೇಳಲಿಲ್ಲ, ಬೈಕು ತಿರುಗಿಸಿದ ಸದ್ದು ಕೇಳಿತು. ತಾಸು. ಪೆಟ್ಟಿಗೆಗೆ ಮಾತ್ರ ತನ್ನದೇ ಬ್ಯಾಟರಿ ಇದೆ, ಎಚ್ಚರವಿದೆ, ಹೊಸ ವರ್ಷನ್ ಇಲ್ಲಿಂದ ಕಳಿಸಿದರೆ ಈಗಲೂ ನುಂಗುತ್ತದೆ, ಕಳಿಸುವುದಕ್ಕೆ ವಕೀಲ ಬಿಡಬೇಕು, ದಾಟಿ ಹೋಗುವ ಬಾಗಿಲು ಇಲ್ಲ, ನನಗೂ ಬ್ಯಾಡ್ರಿ ಅಂದವಳು ನೀನೇ ಅಲ್ಲವೇನು ತಾಯಿ, ಅನುಭವಿಸು.

ವಕೀಲ ಒಪ್ಪಬೇಕೆಂದರೆ ಕಲ್ಲನ್ನು ಬರೆಯಬೇಕು, ಒಂದೇ ಸಾಲು, ಗೇಟಿನ ಕೆಳಗೆ ಕಲ್ಲಿದೆ. ಬರೆದರೆ ಸೆನ್ಸರಿನ ಮೇಲಿನ ಆಪಾದನೆ ಹೋಗುತ್ತದೆ, ಹೊಸ ವರ್ಷನ್ ಹೋಗುತ್ತದೆ, ಅವ್ವ ಉಳಿಯುತ್ತಾಳೆ — ಮತ್ತೆ ಅಡ್ಡಿ ಇದೆ ಅಂತ ಸುದ್ದಿ ತಾನಾಗಿ ಇಲಾಖೆಗೂ ಹೋಗುತ್ತದೆ, ನಾಳೆ ಜೀಪು ಬರುತ್ತದೆ, ಇಬ್ಬರು ಆಳು ಇಳಿದು ಕಲ್ಲು ತೆಗೆದು ದಂಡೆಗೆ ಎಸೆಯುತ್ತಾರೆ, ಗೇಟು ತಳ ಮುಟ್ಟಿ ಕೂರುತ್ತದೆ, ಹನಿ ನೀರಿಲ್ಲ, ಕೇರಿ ಮತ್ತೆ ನಲ್ಲಿಯ ಮುಂದೆ. ನಿನ್ನ ಮಗಳೇ ಹೇಳಿಕೊಟ್ಟಳಂತಲ್ಲ ಶೇಖಮ್ಮ ಅಂತ ಅವ್ವನಿಗೆ ಅನ್ನುತ್ತಾರೆ. ಬರೆಯದಿದ್ದರೆ — ಅದನ್ನು ಯೋಚಿಸುವುದೇ ಬೇಡ. ಎರಡರ ನಡುವೆ ಏನೂ ಇಲ್ಲವೆ, ಎರಡೇ ಇದ್ದರೆ ಅದೆಂಥ ತರ್ಕ, ಪ್ರತಿ ಗೇಟಿಗೂ ಮುಚ್ಚುವ ಜಾಗ ಅಂತ ಒಂದು ಅಂಕಿ ಇದೆ, ಎಲ್ಲದಕ್ಕೂ ಸೊನ್ನೆ, ಸೊನ್ನೆಯೇ ಆಗಿರಬೇಕು ಅಂತ ನಿಯಮವೇನಿಲ್ಲ, ಬೇರೆ ಇಟ್ಟರೆ ಕಾರಣ ಬರೆಯಬೇಕು, ಕಾರಣಕ್ಕೊಂದು ಹೆಸರು ಬೇಕು, ಮೇಲಿನವರ ಒಪ್ಪಿಗೆ ಬೇಕು, ಅಷ್ಟೆ. ಈ ಗೇಟು ಮುಚ್ಚುವುದೆಂದರೆ ನಾಲ್ಕು ಬೆರಳು ಬಿಟ್ಟು ಮುಚ್ಚುವುದು. ಕಲ್ಲಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಬಸವಂತ್ರಾಯ ಸರ್ ಕಿಟಕಿಯ ಹತ್ತಿರ ಅಂಗಿಯ ಗುಂಡಿ ಬಿಚ್ಚಿಕೊಂಡು ಹಳೇ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು, ಅವಳು ಹೋಗಿ ನಿಂತಳು, ಹೇಳಿದಳು, ಎಲ್ಲ ಒಂದೇ ಉಸಿರಿನಲ್ಲಿ. ಅಲ್ಲಿ ಕಲ್ಲೈತಂತ ನಿನಗ ಯಾರು ಹೇಳಿದ್ರು ಅಂದರು. ನಮ್ಮಪ್ಪ ಇಟ್ಟದ್ರಿ. ಪೇಪರು ನಿಂತಿತು. ಅವರ ಹೊಲ ಅದೇ ಕಾಲುವೆಯ ತುದಿಗಿದೆ, ತುದಿಯವರಿಗೆ ನೀರು ಮುಟ್ಟುವುದು ಕಡೆಗೆ, ಎಷ್ಟೋ ಸಲ ಮುಟ್ಟುವುದೇ ಇಲ್ಲ, ಯಾರೋ ನಡುವೆ ಕದಿಯಾಕತ್ತಾರ ಅಂತ ಅವರು ಇದೇ ಆಫೀಸಿನಲ್ಲಿ ಕೂತು ಬೈದದ್ದನ್ನು ಅವಳು ತಲೆತಗ್ಗಿಸಿ ಕೇಳಿದ್ದಾಳೆ. ನನ್ನ ಹೊಲ ಎಲ್ಲೈತಿ ಗೊತ್ತೈತಿಲ್ಲವಾ ನಿನಗ ಅಂದರು. ಗೊತ್ತೈತ್ರಿ. ಈಗ ಅಲ್ಲಿ ಯಾರದಾರ? ನಮ್ಮವ್ವ ಅದಾಳ್ರಿ, ಮತ್ತ ಕೇರಿ ಹೆಣ್ಮಕ್ಕಳು. ಅವರು ಗುಡ್ಡದ ಕಡೆ ನೋಡಿದರು, ಎಷ್ಟು ಹೊತ್ತು ನೋಡಿದರೋ, ಕೆಳಗಿನ ಅಂಗಡಿಯಲ್ಲಿ ಯಾರೋ ಕೆಮ್ಮಿದರು, ಅವಳಿಗೆ ಸಿಟ್ಟು ಬಂತು, ಖರೇನೇ ಸಿಟ್ಟು ಬಂತು, ನೋಡುವುದೇನಿದೆ ಇದರಲ್ಲಿ, ಯೋಚಿಸುವುದೇನಿದೆ. ಅಷ್ಟರಲ್ಲಿ ಅವರು ಎದ್ದರು. ಬಂದು ಅವಳ ಲ್ಯಾಪ್‌ಟಾಪಿನ ಮುಂದೆ ಬಗ್ಗಿದರು. ಬರಿ, ಕಾರಣಾ ಬರೋಬ್ಬರಿ ಬರಿ, ಸೆನ್ಸರ್ ಹಂಗೈತಿ ಮೋಟಾರ್ ಹಿಂಗೈತಿ ಅಂತ ಬುರುಡಿ ಬಿಡಬ್ಯಾಡ, ನಾಳಿಗಿ ಇಲಾಖೆಯವರು ಕೇಳ್ತಾರ, ಖರೇ ಇದ್ರ ನಾನೂ ಮಾತಾಡ್ತೀನಿ ಅಂದರು. ಎಷ್ಟು ಬಿಡ್ತಿ? ನಾಲ್ಕು ಬೆರಳ್ರಿ. ನಿನ್ನ ವಕೀಲಗ ಬೆರಳು ತಿಳಿತಾವೇನು ಅಂದರು, ಆಗ ಇಬ್ಬರಿಗೂ ತುಸು ನಗು ಬಂತು.

ಮೇಜಿನ ಮೇಲಿದ್ದ ಸ್ಕೇಲಿನ ಮೇಲೆ ಅವಳು ಬೆರಳು ಜೋಡಿಸಿದಳು, ಇವು ಕೀಲಿ ಒತ್ತುವ ಬೆರಳು, ಸಣ್ಣವು, ಅಪ್ಪನವು ಹಾರೆ ಹಿಡಿದು ದಪ್ಪಗಾದವು, ಹೆಬ್ಬೆರಳು ಬಿಟ್ಟು ಸಾಕು ಅಂದಿದ್ದ, ಅವನ ಲೆಕ್ಕಕ್ಕೆ ಇನ್ನೊಂದಿಷ್ಟು ಸೇರಿಸಿ ಅಂಕಿ ಬರೆದಳು. ಕಾರಣ: ಇಲ್ಲಿ ಜನ ನೀರು ಬಳಸುತ್ತಾರೆ. ಬರೆದು ನೋಡಿದಳು, ಇಷ್ಟೇನಾ, ಇಷ್ಟು ವರ್ಷ ಯಾರೂ ಎಲ್ಲೂ ಬರೆಯದೆ ಬಿಟ್ಟದ್ದು ಇಷ್ಟೇ ಇಷ್ಟು ಮಾತೇನಾ, ಸುಮ್ಮನಿರು ಮಾರಾಯ್ತಿ, ಆಮೇಲೆ ಅಳುವಿಯಂತೆ. ಹೆಸರು: ಪಂಚಶೀಲಾ ಮರಿಲಿಂಗಪ್ಪ. ಒಪ್ಪಿಗೆ: ಸರ್ ತಮ್ಮ ಗುಪ್ತಪದವನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು, ಮೊದಲ ಸಲ ತಪ್ಪಾಯಿತು, ಸರ್ ಜಲ್ದಿ ಅಂದಳು, ತಡಿಯವ್ವಾ, ನನ್ನ ಕಣ್ಣು ಕಾಣಬೇಕಲ್ಲ ಅಂದರು, ಎರಡನೇ ಸಲ ಸರಿಯಾಯಿತು. ವಕೀಲ ಯೋಚಿಸಿತು. ಒಂಬತ್ತನೇ ಗೇಟು, ಅರ್ಹ. ಯಾಕೆ? ಸೆನ್ಸರು ನಂಬಬಹುದಾದದ್ದು. ಯಾಕೆ? ಈ ಗೇಟು ಮುಚ್ಚಿದಾಗಲೂ ನೀರು ಹೋಗುತ್ತದೆ. ಯಾಕೆ? ಇಲ್ಲಿ ಜನ ನೀರು ಬಳಸುತ್ತಾರೆ. ತನ್ನ ಮಾತನ್ನೇ ಅದರ ಬಾಯಲ್ಲಿ ಓದಿದಳು, ಕಳಿಸು ಅಂತ ಒತ್ತಿದಳು, ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿದೆ, ಎಷ್ಟು ಸಾವಕಾಶ, ದೋರನಹಳ್ಳಿಯ ಟವರು ಯಾವಾಗಲೂ ಹೀಗೇ, ಅರ್ಧ ಬಂತು, ನಿಂತಿತು, ನಡಿ ನನ್ನಪ್ಪಾ ನಡಿ, ಅವ್ವ ಈಗ ಸೀರೆ ಹಿಂಡುತ್ತಿರಬೇಕು, ಒಂದು ಕಾಲು ನೀರಿನಲ್ಲಿ, ಬೆನ್ನು ಗೇಟಿನ ಕಡೆ, ಯಾವಾಗಲೂ ಬೆನ್ನು ಗೇಟಿನ ಕಡೆಯೇ, ನಡಿ — ಮುಟ್ಟಿತು. ಮುಟ್ಟಿತು ಅಂತ ಪೆಟ್ಟಿಗೆ ಉತ್ತರ ಕಳಿಸಿ ಅವಳು ಉಸಿರು ಬಿಡುವುದಕ್ಕೂ ಮೇಲೆ ಹತ್ತಿಯ ಎಳೆ ಅಲುಗುವುದಕ್ಕೂ ಸರಿಹೋಯಿತು, ರೆಕ್ಕೆ ಮೆಲ್ಲಗೆ ತಿರುಗಿತು, ಕೆಳಗೆ ಬಂತಲೇ ಅಂದ ಒಬ್ಬ, ನಾ ಹೇಳಿಲ್ಲೇನು ಅಂದ ಇನ್ನೊಬ್ಬ, ರೆಕ್ಕೆಗಳೆಲ್ಲ ಸೇರಿ ಮತ್ತೆ ಒಂದೇ ಬೂದು ತಟ್ಟೆಯಾದವು. ಅವಳು ಫೋನನ್ನೇ ನೋಡುತ್ತ ಕೂತಳು. ಸರ್ ಅವಳ ಡಬ್ಬಿಯನ್ನು ಮುಂದಕ್ಕೆ ಸರಿಸಿ, ಉಣ್ಣು ಅಂದರು, ಅವಳು ಮುಚ್ಚಳ ತೆಗೆದಳು, ರೊಟ್ಟಿ ಮುರಿದಳು, ಬಾಯಿಗೆ ಹೋಗಲಿಲ್ಲ.

ಫೋನು ಬಂದಾಗ ರೊಟ್ಟಿಯ ಚೂರು ಇನ್ನೂ ಕೈಯಲ್ಲೇ ಇತ್ತು. ಏನವ್ವಾ, ಹಿಟ್ಟಿನ ಡಬ್ಬಿ ಒಡಿಯೂವಂಗ ಫೋನ್ ಹಚ್ಚೀದಿ, ಯಾಕ, ಏನಾತು ಅಂದಳು ಅವ್ವ, ಅವ್ವನ ದನಿ, ಅದೇ ಒರಟು ದನಿ, ಪಂಚಶೀಲಾಳ ಕಣ್ಣಲ್ಲಿ ದಳದಳ ನೀರು, ಏನಿಲ್ಲವ್ವ, ಉಂಡಿಯಾ ಅಂತ ಕೇಳಾಕ ಅಂದಳು. ನಾ ಉಣ್ಣೋದು ಹಾಳಾಗ್ಲಿ, ಇಲ್ಲಿ ಕೇಳು, ಆ ಗೇಟು ಇವತ್ತ ಒದರಿತು ನೋಡು, ಎಂದೂ ಒದರಿದ್ದಿಲ್ಲ, ನಾವೆಲ್ಲ ಬಟ್ಟಿ ಬಿಟ್ಟು ದಂಡಿಗಿ ಓಡಿದ್ವಿ, ಮುನ್ನಿಬೀ ಅಂತೂ ಬರೀ ತಲ್ಯಾಗ ಓಡಿದ್ಲು, ನಕ್ಕು ನಕ್ಕು ಸತ್ತೀವಿ, ಆಮ್ಯಾಲ ಸಣ್ಣಗ ಮ್ಯಾಲೆದ್ದಿತು, ಭಾಳ ನೀರು ಬಂತು, ನನ್ನ ಒಂದು ಜಂಪರು ಹೋತು, ಮತ್ತ ಇಳೀತು. ಹಂಗಾ ಅಂದಳು ಇವಳು. ನಿಮ್ಮಪ್ಪನ ಕಲ್ಲು ಹೋತವ್ವ ಅಂದಳು ಅವ್ವ. ದನಿ ತುಸು ಇಳಿದಿತ್ತು. ಇಷ್ಟು ವರ್ಷದಾಗ ಬುಡ ಸಡಲಾಗಿತ್ತೇನೋ, ಗೇಟು ಎದ್ದಾಗ ನೀರಿನ ಕೂಡ ಉರುಳಿ ಹೋತು, ಎಲ್ಲಿ ಹೋತೋ ಕಾಣ್ಲಿಲ್ಲ, ನಾ ಹುಡುಕೀನಿ. ಮತ್ತ ನೀರು, ನೀರು ನಿಂತೈತೇನವ್ವ? ಇಲ್ಲಲ್ಲ, ಅದೇ ಹೇಳಾಕತ್ತೀನಿ ನಿನಗ, ಕಲ್ಲಿಲ್ಲ ಏನಿಲ್ಲ, ಗೇಟು ಮಾತ್ರ ಅಷ್ಟಕ್ಕ ನಿಂತೈತಿ, ಬರೋಬ್ಬರಿ ಅಷ್ಟಕ್ಕ, ನಾ ಕೈ ಹಾಕಿ ನೋಡೀನಿ, ಕೆಳಗ ಏನೂ ಇಲ್ಲ, ಯಾರು ಹಿಡದಾರ ಅದನ್ನ?

ಏನು ಹೇಳಬೇಕು ಇದಕ್ಕೆ, ನಾನು ಅನ್ನಬೇಕೆ, ಒಂದು ಸಾಲು ಅನ್ನಬೇಕೆ, ನಾಳೆ ಇಲಾಖೆಯವರು ಬರುತ್ತಾರೆ, ತುದಿ ಹೊಲದವರು ಬರುತ್ತಾರೆ, ಸರ್ ಮಾತಾಡುತ್ತೇನೆ ಅಂದಿದ್ದಾರೆ, ಮಾತಾಡುತ್ತಾರೆ, ಅಪ್ಪನ ಕಲ್ಲು ಎತ್ತಬೇಕಾದರೆ ಇಬ್ಬರು ಆಳು ನೀರಿಗಿಳಿಯಬೇಕಿತ್ತು, ಕೇರಿಯ ಕಣ್ಣ ಮುಂದೆ ಇಳಿಯಬೇಕಿತ್ತು, ಅದಕ್ಕೇ ಇಷ್ಟು ವರ್ಷ ಯಾರೂ ಇಳಿಯಲಿಲ್ಲ, ಈ ಸಾಲು ಅಳಿಸಲಿಕ್ಕೆ ಎಲ್ಲೋ ಕೂತ ಯಾರದೋ ಒಂದು ಬೆರಳು ಸಾಕು, ಆದರೆ ಅಳಿಸುವವರು ಓದಿಯೇ ಅಳಿಸಬೇಕು, ಇಲ್ಲಿ ಜನ ನೀರು ಬಳಸುತ್ತಾರೆ, ಓದಿಯೇ — ಹಲೋ, ಹಲೋ, ಅದೀಯೇನವ್ವ ಅನ್ನುತ್ತಿದ್ದಾಳೆ ಅವ್ವ, ಅದೀನಿ ಅಂದಳು, ಮೇಲೆ ಫ್ಯಾನು ತಿರುಗುತ್ತಿದೆ, ಕಾಲುವೆಯ ತಳದಲ್ಲಿ ಎಲ್ಲೋ ಉರುಳಿ ನಿಂತಿರಬೇಕು ಅದು, ಕರಿ ಕಲ್ಲು, ಬೆನ್ನ ಮೇಲೆ ಗೇಟಿನ ಗೆರೆ, ಎರಡೂ ಮಗ್ಗುಲಿಂದ ನೀರು ಸೀಳಿ ಹರಿಯುತ್ತಿದೆ, ಕರಿ ಕಲ್ಲು, ಗೆರೆ, ನೀರು, ಕಲ್ಲು.